ಅಣಶಿಯ ನೀಲಿಯೊಳಗೆ ಏನಿದೆ?

ದಾಂಡೇಲಿಯಿಂದ ಜೋಯಿಡಾ ದಾಟಿ ಅಣಶಿ ಘಟ್ಟದ ತಿರುವಿನಲ್ಲಿ ನಿಂತು ನೋಡಿ. ಹತ್ತಿರದ ಗುಡ್ಡ ಹಸಿರು, ಅದರಾಚೆಯದು ಕಡುನೀಲಿ, ಇನ್ನೂ ಆಚೆಯದು ತಿಳಿನೀಲಿ! ಆ ನೀಲಿಯಲ್ಲಿ ಗಾಳಿಯ ಅಣುಗಳ ಪಾಲಿದೆ, ಕಾಡಿನ ಪಾಲೂ ಇದೆ. ಕಾಡಿನ ಮೇಲೆ ಕವಿಯುವ ನೀಲಿ ಮಬ್ಬು ಗಿಡಮರಗಳು ಬಿಟ್ಟ ಆವಿಯಿಂದಲೇ ಹುಟ್ಟುತ್ತದೆ ಎಂದು ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1960ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಪ್ರತಿಪಾದಿಸಿದ್ದರು.

ರಾಳದ ಮರಗಳು ಟರ್ಪೀನ್ ಸೂಸುತ್ತವೆ. ಹಳಿಯಾಳದ ದಾರಿಯುದ್ದಕ್ಕೂ ಕಾಣುವ ಬಿದಿರಿನ ಕುಲದಲ್ಲಿ ಐಸೊಪ್ರೀನ್ ಬಿಡುವ ಜಾತಿಗಳು ಹಲವು. ಭೂಮಿಯ ಸಸ್ಯಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 50 ಕೋಟಿ ಟನ್ ಐಸೊಪ್ರೀನ್ ಬಿಡುತ್ತವೆ! ಈ ಆವಿಗೆ ಗಾಳಿಯಲ್ಲಿ ಓಝೋನ್‌ನಂಥವು ತಾಗಿದರೆ ಅಣುವಿಗೆ ಆಮ್ಲಜನಕ ಸೇರುತ್ತದೆ. ಒಂದೇ ಒಂದು ಹೈಡ್ರಾಕ್ಸಿಲ್ ಗುಂಪು ಸೇರಿದರೂ ಸಾಕು, ಅದು ಆವಿಯಾಗಿ ಹಾರುವ ಗುಣ ನೂರು ಪಟ್ಟಿನಷ್ಟು ಕುಗ್ಗಬಲ್ಲದು. ಹಾರಲಾರದ ಅಣುಗಳು ಒಟ್ಟುಗೂಡಿ ಕಣವಾಗುತ್ತವೆ.

ತೆರೆದಿಟ್ಟ ಕರ್ಪೂರ ಮಾಯವಾಗುತ್ತದೆ, ಬೆಲ್ಲ ಇದ್ದಲ್ಲೇ ಇರುತ್ತದೆ. ಕಣದೊಳಗೆ ಕರ್ಪೂರದ ಗುಣದ್ದೆಷ್ಟು, ಬೆಲ್ಲದ ಗುಣದ್ದೆಷ್ಟು? ಕಣ್ಣಿಗೇ ಕಾಣದ್ದನ್ನು ಅಳೆಯುವುದು ಹೇಗೆ?

ಬಿಸಿ ಮಾಡಿ! ಥರ್ಮೋಡಿನ್ಯೂಡರ್ ಎಂಬ ಉಪಕರಣದ ಜೀವಾಳ ಒಂದು ಬಿಸಿ ಕೊಳವೆ. ಹೊರಗಿನ ಗಾಳಿ ಎರಡು ದಾರಿಯಾಗಿ ಒಳಬರುತ್ತದೆ. ಒಂದು ನೇರ ಮಾಪಕಕ್ಕೆ. ಇನ್ನೊಂದು 50, 100, 150, 200 ಡಿಗ್ರಿ ಶಾಖದ ಕೊಳವೆಯ ಮೂಲಕ. ಬಿಟ್ಟುಹೋದ ಆವಿ ಮತ್ತೆ ಕಣಕ್ಕೆ ಮರಳದಂತೆ ಮುಂದಿನ ಭಾಗದ ಇದ್ದಿಲು ಅದನ್ನು ಹೀರಿಕೊಳ್ಳುತ್ತದೆ. ಕೊನೆಗೆ ಕಣದಲ್ಲಿ ಎಷ್ಟು ಉಳಿಯಿತೆಂಬ ಲೆಕ್ಕ. ಒಂದೊಂದು ಶಾಖಕ್ಕೂ ಒಂದೊಂದು ಉತ್ತರ! ಹಾರುವ ಗುಣವನ್ನು ಹತ್ತು ಪಟ್ಟಿನ ಮೆಟ್ಟಿಲುಗಳಾಗಿ ವಿಂಗಡಿಸುವ ಕ್ರಮವನ್ನು ವಿಜ್ಞಾನಿಗಳಾದ ಡೊನಾಹ್ಯೂ, ರಾಬಿನ್ಸನ್, ಪಾಂಡಿಸ್ ಮತ್ತು ಸಂಗಡಿಗರು 2006ರಲ್ಲಿ ಕೊಟ್ಟರು.

ಮರುವರ್ಷವೇ ಇನ್ನೊಂದು ಬೆರಗು. ಮುಂಡಗೋಡದ ಟಿಬೆಟನ್ ಕಾಲೋನಿಯಲ್ಲಿ ಏಳುವ ಧೂಪದ ಹೊಗೆಯನ್ನೇ ನೋಡಿ, ಮೇಲೇರಿ ಹರಡಿ ಕರಗಿದಂತೆ ಕಾಣುತ್ತದೆ. ಹೊಗೆಯ ಸಾವಯವ ಕಣಗಳು ತೆಳುವಾದಾಗ ಅವುಗಳ ಒಂದು ಪಾಲು ಆವಿಯಾಗುತ್ತದೆ, ಬಿಸಿಲಲ್ಲಿ ಉತ್ಕರ್ಷಣಗೊಂಡು ಮತ್ತೆ ಕಣವಾಗಿ ಮರಳುತ್ತದೆ ಎಂದು ಅದೇ ತಂಡದವರು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು. ಮರೆಯಾದ ಹೊಗೆ ಮುಗಿದ ಹೊಗೆಯಲ್ಲ!

ಇಷ್ಟೆಲ್ಲ ಯಾಕೆ ಬೇಕು? ಮೋಡದ ಹನಿ ಶೂನ್ಯದಲ್ಲಿ ಹುಟ್ಟದು, ಅದಕ್ಕೊಂದು ಕಣ ಬೇಕು. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಬೆಳೆದ ಕಣವಾದರೂ ನಡೆದೀತು. ಅಷ್ಟು ಬೆಳೆಯಲು ಹಾರಿಹೋಗದ ಅಣುಗಳೇ ಬೇಕು. ಪೈನೀನ್‌ನಂಥ ಮರದ ಆವಿಯಿಂದಲೇ ಅಂಥ ಅಣುಗಳು ಬಲುಬೇಗ ಹುಟ್ಟುತ್ತವೆಂದು 2014ರಲ್ಲಿ ತಿಳಿಯಿತು.

ಇದೇ ಸಹ್ಯಾದ್ರಿಯ ಸಾಲಿನಲ್ಲಿ, ಮಹಾಬಳೇಶ್ವರದಲ್ಲಿ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಮೋಡ ಪ್ರಯೋಗಾಲಯವಿದೆ. ಕಾಳಿ ಕೊಳ್ಳಕ್ಕೂ ಬಿಸಿ ಕೊಳವೆ ಬರಲಿ. ಸೂಪಾ ಜಲಾಶಯ ತುಂಬಿಸುವ ಮೋಡಗಳಿಗೆ ಜೋಯಿಡಾದ ಮರಗಳು ಕೊಟ್ಟದ್ದೆಷ್ಟು, ನಮ್ಮ ಹೊಗೆ ಕೊಟ್ಟದ್ದೆಷ್ಟು ಎಂಬ ಲೆಕ್ಕ ಈ ನೆಲದ ಮಕ್ಕಳ ಪಠ್ಯದಲ್ಲಿ ಇರಬೇಕು!