ಛಾಯಾಚಿತ್ರಕಾರನ ಬೆಳವಣಿಗೆಯನ್ನು ಅಳೆಯುವ ಬಗೆ

ಬೆಳೆಯುತ್ತಿರುವ ಹುಡುಗನಿಗೆ ತಾನು ಬೆಳೆಯುತ್ತಿರುವುದು ತಿಳಿಯದು. ಕಳೆದ ವರ್ಷ ಗೋಡೆಯ ಮೇಲೆ ಎಳೆದ ಗೆರೆಯ ಬಳಿ ನಿಂತಾಗಲೇ ಅದು ಗೋಚರವಾಗುತ್ತದೆ. ಛಾಯಾಚಿತ್ರ ತೆಗೆಯುವವರ ತೊಡಕು ಇದಕ್ಕಿಂತ ಜಟಿಲವಾದುದು. ಕೈಯ ಕೌಶಲದೊಡನೆ ಗುಣದೋಷಗಳನ್ನು ತೂಗುವ ಕಣ್ಣೂ ಬಲಿಯುತ್ತದೆ. ಎಂದರೆ, ಅಳೆಯುವ ಕೋಲೇ ಉದ್ದವಾಗುತ್ತ ಹೋಗುತ್ತದೆ. ಆದುದರಿಂದ ಐದಾರು ವರ್ಷ ದುಡಿದವನೂ ತಾನು ಇದ್ದಲ್ಲಿಯೇ ಇರುವೆನೆಂದು ಭಾವಿಸುವುದುಂಟು. ಹಾಗಾದರೆ ಬದಲಾಗದ ಗೆರೆಯೊಂದನ್ನು ನಾವು ಎಲ್ಲಿಂದ ತರೋಣ?

ಅಮೆರಿಕದ ಪ್ರಖ್ಯಾತ ಛಾಯಾಚಿತ್ರಕಾರ ಆನ್ಸೆಲ್ ಆಡಮ್ಸ್ ಅವರ ಒಂದು ಚಿತ್ರದಲ್ಲಿ ಅಂತಹ ಗೆರೆ ನಮಗೆ ದೊರೆಯುತ್ತದೆ. ೧೯೪೧ರಲ್ಲಿ ಒಂದು ಸಂಜೆ ಅವರು ನ್ಯೂ ಮೆಕ್ಸಿಕೊ ಸಂಸ್ಥಾನದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಹೋಗುತ್ತಿದ್ದರು. ಪೂರ್ವದಲ್ಲಿ ಚಂದ್ರನು ಏರಿದ್ದನು. ಸ್ಮಶಾನದ ಶಿಲುಬೆಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಬೆಳಕನ್ನು ಅಳೆಯುವ ಮೀಟರು ಕೈಗೆ ಸಿಗಲಿಲ್ಲ. ಆದರೆ ಚಂದ್ರಬಿಂಬದ ಪ್ರಕಾಶ ಚದರ ಅಡಿಗೆ ೨೫೦ ಕ್ಯಾಂಡಲ್ ಎಂಬುದು ಅವರ ನೆನಪಿನಲ್ಲಿತ್ತು. ಅದರಿಂದಲೇ ಲೆಕ್ಕ ಹಾಕಿದರು: ಅವರ ಫಿಲ್ಮಿಗೆ ಎಫ್/೮ ರಂಧ್ರದಲ್ಲಿ ಸೆಕೆಂಡಿನ ೬೦ರಲ್ಲಿ ಒಂದು ಭಾಗ ಸಾಕು, ಮಸೂರದ ಮುಂದಿರುವ ಹಳದಿ ಗಾಜು ಬೆಳಕನ್ನು ತಡೆಯುವುದರಿಂದ ಅದರ ೩ ಪಟ್ಟು ಬೇಕು, ಎಫ್/೩೨ಕ್ಕೆ ಇಳಿಸಿದರೆ ರಂಧ್ರದ ವಿಸ್ತೀರ್ಣ ೧೬ನೆಯ ಒಂದು ಪಾಲಾಗುವುದರಿಂದ ಮತ್ತೆ ೧೬ ಪಟ್ಟು. ಒಟ್ಟಿನಲ್ಲಿ ಸುಮಾರು ಒಂದು ಸೆಕೆಂಡು. ಎರಡನೆಯ ಚಿತ್ರಕ್ಕೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಮಾಯವಾಗಿತ್ತು. ಉಳಿದುದು ಒಂದೇ ನೆಗೆಟಿವ್.

ಮುಂದಿನ ದಶಕಗಳಲ್ಲಿ ಆ ನೆಗೆಟಿವ್‌ನಿಂದ ನೂರಾರು ಪ್ರತಿಗಳು ಮುದ್ರಿತವಾದುವು. ಮೊದಲಿನ ಪ್ರತಿಗಳಲ್ಲಿ ಆಕಾಶ ಬೂದು ಬಣ್ಣದ್ದು, ಅದರಲ್ಲಿ ತೆಳುವಾದ ಮೋಡಗಳೂ ಉಂಟು. ಕೊನೆಗಾಲದವುಗಳಲ್ಲಿ ಅದು ಹೆಚ್ಚುಕಡಮೆ ಕಪ್ಪು. ಮುದ್ರಣದ ಕಾಗದದ ಮೇಲೆ ಬೆಳಕು ಹೆಚ್ಚು ಬಿದ್ದೆಡೆ ಕಪ್ಪೂ ಹೆಚ್ಚುತ್ತದೆ. ಆಕಾಶದ ಭಾಗಕ್ಕೆ ಮಾತ್ರ ಹೆಚ್ಚು ಹೊತ್ತು ಬೆಳಕು ಕೊಟ್ಟು ಆಡಮ್ಸ್ ಇದನ್ನು ಸಾಧಿಸಿದರು. ೧೯೪೮ರಲ್ಲಿ ನೆಗೆಟಿವ್‌ನ ಕೆಳಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಿದುದುಂಟು. ಅದನ್ನು ಬಿಟ್ಟರೆ ಬದಲಾದುದು ನೆಗೆಟಿವ್ ಅಲ್ಲ, ಮುದ್ರಿಸಿದವರ ಕಣ್ಣು. ಬದಲಾವಣೆಯೆಲ್ಲ ಸುಧಾರಣೆಯೇ ಎಂದು ಕೇಳಬಹುದು. ಹಳೆಯ ಪ್ರತಿಗಳ ಆ ಮೋಡಗಳನ್ನು ಕಳೆದುಕೊಳ್ಳಲು ನಮಗಂತೂ ಮನಸ್ಸಿಲ್ಲ.

ಸ್ವಾರಸ್ಯವೇನೆಂದರೆ, ಚಂದ್ರನ ಪ್ರಕಾಶವನ್ನು ನೆನಪಿಟ್ಟಿದ್ದ ಆಡಮ್ಸ್‌ರಿಗೆ ಚಿತ್ರ ತೆಗೆದ ವರ್ಷವೇ ಮರೆತಿತ್ತು. ಬೇರೆ ಬೇರೆ ಕಡೆ ಬೇರೆ ಬೇರೆ ವರ್ಷವನ್ನು ನಮೂದಿಸಿದ್ದರು. ಅವರು ತೀರಿಕೊಂಡ ಮೇಲೆ, ೧೯೯೧ರಲ್ಲಿ, ಖಗೋಳ ಪತ್ರಿಕೆಯ ಸಂಪಾದಕರೊಬ್ಬರು ಚಿತ್ರದಲ್ಲಿನ ಚಂದ್ರನ ಸ್ಥಾನವನ್ನು ಗಣಿಸಿ ೧೯೪೧ರ ನವೆಂಬರ್ ೧, ಸಂಜೆ ೪ ಗಂಟೆ ೪೯ ನಿಮಿಷವೆಂದು ನಿರ್ಧರಿಸಿದರು.

ಇಂದಿನ ಡಿಜಿಟಲ್ ಕ್ಯಾಮರಾ ದಿನಾಂಕ, ರಂಧ್ರ, ಕಾಲಗಳನ್ನು ಚಿತ್ರದೊಡನೆ ತಾನೇ ಬರೆದಿಡುತ್ತದೆ. ಅದರ ಗಡಿಯಾರವನ್ನು ಸರಿಪಡಿಸಿರಬೇಕು, ಅಷ್ಟೆ. ವಿದ್ಯಾರ್ಥಿಗಳು ತಮ್ಮ ಹಳೆಯ ಮೂಲಚಿತ್ರವೊಂದನ್ನು, ಹಿಂದೆ ತಿದ್ದಿದ ಪ್ರತಿಯನ್ನು ನೋಡದೆ, ಹೊಸದಾಗಿ ತಿದ್ದಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ನಾವು ಹೀಗೆ ಮಾಡಿದಾಗ, ಆರು ವರ್ಷಗಳ ಹಿಂದೆ ಸೂರ್ಯಾಸ್ತಗಳಿಗೆಲ್ಲ ಕುಂಕುಮ ಬಳಿದಿದ್ದುದನ್ನು ಕಂಡು ನಾಚಿದೆವು. ಆದರೆ ಅದೇ ವರ್ಷದ ಸಂತೆಯ ಚಿತ್ರಗಳಲ್ಲಿ ಮಾರುವವರ ಮುಖಗಳು ಕೈಯಳತೆಯಲ್ಲಿದ್ದುವು. ಈಚಿನ ನಮ್ಮ ಸಂತೆಯ ಚಿತ್ರಗಳಲ್ಲಿ ಬೆಳಕು ಹದವಾಗಿದೆ, ಅಂಚುಗಳು ನೇರವಾಗಿವೆ. ಎಲ್ಲವೂ ಹತ್ತು ಮಾರು ದೂರದಿಂದ ತೆಗೆದವು.