ಅಕ್ಕಿಯ ಸಂಸ್ಕರಣೆ: ಪೋಷಕಾಂಶಗಳು ಹಾಗೂ ರಕ್ತದ ಸಕ್ಕರೆಯ ಮೇಲೆ ಆಗುವ ಪರಿಣಾಮ

ಪೀಠಿಕೆ

ಕರಾವಳಿ, ಮಲೆನಾಡು ಹಾಗೂ ನೀರಾವರಿ ಅಚ್ಚುಕಟ್ಟು ಪ್ರದೇಶಗಳಲ್ಲಿ ಅಕ್ಕಿಯು ಜನರ ಮುಖ್ಯ ಆಹಾರವಾಗಿದೆ. ರಾಗಿ ಮತ್ತು ಜೋಳ ಪ್ರಧಾನವಾಗಿದ್ದ ಜಿಲ್ಲೆಗಳಲ್ಲಿಯೂ ಅನ್ನವು ದಿನನಿತ್ಯದ ಊಟದಲ್ಲಿ ಸ್ಥಾನ ಪಡೆದಿದೆ. ಇದೇ ಸಂದರ್ಭದಲ್ಲಿ ಮಧುಮೇಹವೂ ಹೆಚ್ಚುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು, 2021ರಲ್ಲಿ ದೇಶದ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿತ್ತೆಂದು ಅಂದಾಜು ಮಾಡಿದೆ.

ಸಕ್ಕರೆ ಕಾಯಿಲೆಯುಳ್ಳವರು ಅನ್ನವನ್ನು ಬಿಡಲೇಬೇಕೇ? ಬಿಳಿ ಅಕ್ಕಿಗೆ ಬದಲಾಗಿ ಕುಚ್ಚಲಕ್ಕಿಯನ್ನು ಬಳಸಿದರೆ ಸಾಕೇ? ಈ ಪ್ರಶ್ನೆಗಳು ಸಾರ್ವಜನಿಕರಿಂದ ಪದೇಪದೇ ಕೇಳಿಬರುತ್ತವೆ. ಇವುಗಳಿಗೆ ಉತ್ತರ ಪಡೆಯಲು ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯುವುದು ಅವಶ್ಯಕ. ಅಕ್ಕಿಯಲ್ಲಿ ಪೋಷಕಾಂಶ ಎಷ್ಟು ಉಳಿದಿದೆ ಎಂಬುದು ಒಂದು. ಅನ್ನ ಉಂಡ ಬಳಿಕ ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ ಏರುತ್ತದೆ ಎಂಬುದು ಮತ್ತೊಂದು. ಜೀವಸತ್ವಗಳನ್ನು ಉಳಿಸುವ ಸಂಸ್ಕರಣೆಯೆಲ್ಲವೂ ಸಕ್ಕರೆಯ ಏರಿಕೆಯನ್ನು ತಡೆಯುವುದಿಲ್ಲ.

ಭತ್ತದ ಕಾಳಿನ ರಚನೆ

ಭತ್ತದ ಕಾಳಿನ ಹೊರಕವಚ ಉಮಿ. ಅದರ ಒಳಗೆ ತೌಡಿನ ಪದರವೂ ಒಂದು ತುದಿಯಲ್ಲಿ ಮೊಳಕೆಯ ಭಾಗವೂ ಇರುತ್ತವೆ. ಇವುಗಳ ಒಳಗೆ ಇರುವುದೇ ಬಿಳಿಯ ಅಕ್ಕಿ. 100 ಕಿಲೋ ಭತ್ತವನ್ನು ಗಿರಣಿಗೆ ಹಾಕಿದಾಗ ಸುಮಾರು 20 ಕಿಲೋ ಉಮಿ, 8ರಿಂದ 10 ಕಿಲೋ ತೌಡು ಹಾಗೂ ನುಚ್ಚೂ ಸೇರಿದಂತೆ 70 ಕಿಲೋದಷ್ಟು ಅಕ್ಕಿ ದೊರೆಯುತ್ತದೆ.

ಉಮಿಯು ಮನುಷ್ಯರ ಆಹಾರಕ್ಕೆ ಯೋಗ್ಯವಲ್ಲ. ತೌಡು ಹಾಗಲ್ಲ. ಅಕ್ಕಿಯ ಬಿ ಗುಂಪಿನ ಜೀವಸತ್ವಗಳು, ಖನಿಜಾಂಶಗಳು, ಎಣ್ಣೆ ಹಾಗೂ ನಾರಿನಂಶಗಳು ಬಹುಪಾಲು ತೌಡು ಮತ್ತು ಮೊಳಕೆಯ ಭಾಗದಲ್ಲಿಯೇ ಇರುತ್ತವೆ. ಒಳಗಿನ ಬಿಳಿಯ ಭಾಗ ಹೆಚ್ಚಾಗಿ ಪಿಷ್ಟದಿಂದ ಕೂಡಿರುತ್ತದೆ.

ಪಾಲಿಷ್ ಮಾಡುವುದರಿಂದ ಆಗುವ ನಷ್ಟ

ಒರಳು ಒನಕೆಗಳಿಂದ ಭತ್ತ ಕುಟ್ಟುತ್ತಿದ್ದ ಕಾಲದಲ್ಲಿ ತೌಡಿನ ಒಂದಷ್ಟು ಭಾಗ ಅಕ್ಕಿಯಲ್ಲಿಯೇ ಉಳಿಯುತ್ತಿತ್ತು. ಯಂತ್ರದ ಗಿರಣಿಗಳು ಅದನ್ನು ಪೂರ್ಣವಾಗಿ ಉಜ್ಜಿ ತೆಗೆಯತೊಡಗಿದವು. ಇದಕ್ಕೆ ಕಾರಣವೂ ಇದೆ. ತೌಡಿನಲ್ಲಿರುವ ಎಣ್ಣೆಯಿಂದಾಗಿ ಪಾಲಿಷ್ ಮಾಡದ ಅಕ್ಕಿ ಕೆಲವೇ ತಿಂಗಳುಗಳಲ್ಲಿ ಕಮಟು ವಾಸನೆಗೆ ತಿರುಗುತ್ತದೆ. ಪಾಲಿಷ್ ಮಾಡಿದ ಅಕ್ಕಿ ಬಹುಕಾಲ ಉಳಿಯುತ್ತದೆ, ಬೇಗ ಬೇಯುತ್ತದೆ.

ಈ ಬಿಳುಪಿಗೆ ತೆರಬೇಕಾದ ಬೆಲೆಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿ ಬೆಳಕಿಗೆ ಬಂದಿತು. ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅವರು, ಪಾಲಿಷ್ ಮಾಡಿದ ಅಕ್ಕಿಯ ಅನ್ನ ತಿಂದ ಕೋಳಿಗಳು ಕಾಲಿನ ಬಲ ಕಳೆದುಕೊಳ್ಳುವುದನ್ನೂ, ಪಾಲಿಷ್ ಮಾಡದ ಅಕ್ಕಿ ದೊರೆತೊಡನೆ ಚೇತರಿಸಿಕೊಳ್ಳುವುದನ್ನೂ ಗಮನಿಸಿದರು. ಮನುಷ್ಯರಲ್ಲಿ ಇದನ್ನೇ ಹೋಲುವ ರೋಗ ಬೆರಿಬೆರಿ. ತೌಡಿನಲ್ಲಿರುವ ಥಯಾಮಿನ್, ಅಂದರೆ ಜೀವಸತ್ವ ಬಿ1, ದೊರೆಯದಿರುವುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿದುಬಂದಿತು. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನಾ ಕೋಷ್ಟಕಗಳ ಪ್ರಕಾರ, ಬೇಯಿಸದ 100 ಗ್ರಾಂ ಅಕ್ಕಿಯಲ್ಲಿ ಇರುವ ಅಂಶಗಳು ಇಂತಿವೆ:

• ಪಾಲಿಷ್ ಮಾಡದ ಅಕ್ಕಿ: ಥಯಾಮಿನ್ 0.27 ಮಿ.ಗ್ರಾಂ, ನಾರಿನಂಶ 4.43 ಗ್ರಾಂ, ಪ್ರೋಟೀನ್ 9.16 ಗ್ರಾಂ
• ಪಾಲಿಷ್ ಮಾಡಿದ ಕುಚ್ಚಲಕ್ಕಿ: ಥಯಾಮಿನ್ 0.17 ಮಿ.ಗ್ರಾಂ, ನಾರಿನಂಶ 3.74 ಗ್ರಾಂ, ಪ್ರೋಟೀನ್ 7.81 ಗ್ರಾಂ
• ಪಾಲಿಷ್ ಮಾಡಿದ ಬೆಳ್ತಿಗೆ ಅಕ್ಕಿ: ಥಯಾಮಿನ್ 0.05 ಮಿ.ಗ್ರಾಂ, ನಾರಿನಂಶ 2.81 ಗ್ರಾಂ, ಪ್ರೋಟೀನ್ 7.94 ಗ್ರಾಂ

ಪಾಲಿಷ್ ಮಾಡದ ಅಕ್ಕಿಗೆ ಹೋಲಿಸಿದರೆ ಬೆಳ್ತಿಗೆ ಅಕ್ಕಿಯಲ್ಲಿ ಥಯಾಮಿನ್ ಐದರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಇರುವುದನ್ನು ಇಲ್ಲಿ ಗಮನಿಸಬಹುದು.

ಕುಚ್ಚಲಕ್ಕಿಯ ವಿಶೇಷತೆ

ಭತ್ತವನ್ನು ನೀರಿನಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ನಂತರ ಉಮಿ ತೆಗೆಯುವುದರಿಂದ ಕುಚ್ಚಲಕ್ಕಿ ತಯಾರಾಗುತ್ತದೆ. ಇದನ್ನೇ ಕೆಲವೆಡೆ ಕುಸುಬಲಕ್ಕಿ ಎನ್ನುತ್ತಾರೆ. ನೆನೆಯುವಾಗ ಮತ್ತು ಬೇಯುವಾಗ ತೌಡಿನಲ್ಲಿರುವ ಜೀವಸತ್ವಗಳ ಒಂದು ಭಾಗ ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆದುದರಿಂದ ಮುಂದೆ ತೌಡನ್ನು ತೆಗೆದರೂ ಎಲ್ಲವೂ ನಷ್ಟವಾಗುವುದಿಲ್ಲ. ಕಾಳು ಗಟ್ಟಿಯಾಗುವುದರಿಂದ ಗಿರಣಿಯಲ್ಲಿ ನುಚ್ಚಾಗುವುದೂ ಕಡಿಮೆ. ಬಿಸಿನೀರಿನಲ್ಲಿ ನೆನೆಸಿ ಶೀಘ್ರವಾಗಿ ಕುಚ್ಚಲಕ್ಕಿ ತಯಾರಿಸುವ ಸುಧಾರಿತ ವಿಧಾನವನ್ನು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ರೂಪಿಸಿದೆ.

ಇದರ ಪ್ರಯೋಜನ ದಕ್ಷಿಣ ಭಾರತದಲ್ಲಿಯೇ ಕಂಡುಬಂದಿತ್ತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೆರಿಬೆರಿಯು, ಗಿರಣಿಯ ಬೆಳ್ತಿಗೆ ಅಕ್ಕಿಯನ್ನು ಉಣ್ಣುತ್ತಿದ್ದ ಇಂದಿನ ಆಂಧ್ರಪ್ರದೇಶದ ಕರಾವಳಿ ಜಿಲ್ಲೆಗಳಲ್ಲಿ ಕಾಣಿಸುತ್ತಿತ್ತು. ಕುಚ್ಚಲಕ್ಕಿ ಬಳಸುತ್ತಿದ್ದ ಪ್ರದೇಶಗಳಲ್ಲಿ ವಿರಳವಾಗಿತ್ತು.

ರಕ್ತದ ಸಕ್ಕರೆಯ ಏರಿಕೆ

ಅನ್ನದ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಈ ಏರಿಕೆಯನ್ನು ಶುದ್ಧ ಗ್ಲೂಕೋಸ್ ಸೇವನೆಯೊಂದಿಗೆ ಹೋಲಿಸಿ ಅಳೆಯುವ ಮಾನವೇ ಗ್ಲೈಸೆಮಿಕ್ ಸೂಚ್ಯಂಕ. ಇದನ್ನು 1981ರಲ್ಲಿ ಕೆನಡಾದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಪರಿಚಯಿಸಿದರು. 55 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೆಳಮಟ್ಟ, 56ರಿಂದ 69 ಮಧ್ಯಮ, 70 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೇಲ್ಮಟ್ಟ ಎಂದು ಪರಿಗಣಿಸಲಾಗುತ್ತದೆ.

ಚೆನ್ನೈನ ಮದರಾಸು ಮಧುಮೇಹ ಸಂಶೋಧನಾ ಪ್ರತಿಷ್ಠಾನದ ವಿಜ್ಞಾನಿಗಳು ಬಾಪಟ್ಲ ತಳಿಯ ಒಂದೇ ಅಕ್ಕಿಯನ್ನು ಮೂರು ಹಂತಗಳಲ್ಲಿ ಪರೀಕ್ಷಿಸಿದರು. ಪಾಲಿಷ್ ಮಾಡದ ಅಕ್ಕಿಯ ಸೂಚ್ಯಂಕ ಸುಮಾರು 58, ಅಲ್ಪ ಪಾಲಿಷ್ ಮಾಡಿದ್ದು 73, ಪೂರ್ಣ ಪಾಲಿಷ್ ಮಾಡಿದ್ದು ಸುಮಾರು 80 ಎಂದು ಕಂಡುಬಂದಿತು. ಅಂದರೆ ಸ್ವಲ್ಪವೇ ಉಜ್ಜಿದರೂ ಸೂಚ್ಯಂಕವು ಮೇಲ್ಮಟ್ಟಕ್ಕೆ ಏರುತ್ತದೆ. ಹೊರಪದರವು ಅಖಂಡವಾಗಿರುವಾಗ ನೀರು ಕಾಳಿನೊಳಗೆ ನಿಧಾನವಾಗಿ ಸೇರುತ್ತದೆ, ಪಿಷ್ಟವೂ ನಿಧಾನವಾಗಿ ಜೀರ್ಣವಾಗುತ್ತದೆ.

ತಳಿಯೂ ಮುಖ್ಯವಾದುದು. ಪಿಷ್ಟದಲ್ಲಿ ಅಮೈಲೋಸ್ ಅಂಶ ಹೆಚ್ಚಿರುವ, ಅನ್ನ ಉದುರುದುರಾಗುವ ತಳಿಗಳು ಸಾಮಾನ್ಯವಾಗಿ ನಿಧಾನವಾಗಿ ಜೀರ್ಣವಾಗುತ್ತವೆ. ಅಂಟುವ ಅನ್ನ ಬೇಗ ಜೀರ್ಣವಾಗುತ್ತದೆ. ಕುಚ್ಚಲಕ್ಕಿಯಲ್ಲಿ ಬೆಂದ ಪಿಷ್ಟವು ಒಣಗುವಾಗ ಮತ್ತೆ ಬಿಗಿಯಾಗುವುದರಿಂದ ಸಕ್ಕರೆಯ ಏರಿಕೆ ಕೊಂಚ ತಗ್ಗಬಹುದು. ಆದರೆ ತಳಿ, ಹಬೆಯ ಪ್ರಮಾಣ ಹಾಗೂ ಪಾಲಿಷ್‌ಗೆ ಅನುಗುಣವಾಗಿ ಇದು ಬದಲಾಗುತ್ತದೆ. ಆದ್ದರಿಂದ ಕುಚ್ಚಲಕ್ಕಿ ಎಂಬ ಕಾರಣಕ್ಕೇ ಅದನ್ನು ಮಿತಿಯಿಲ್ಲದೆ ಸೇವಿಸುವುದು ಸರಿಯಲ್ಲ.

ಅವಲಕ್ಕಿ, ಮಂಡಕ್ಕಿ ಹಾಗೂ ಅಕ್ಕಿ ಹಿಟ್ಟು

ಮಂಡಕ್ಕಿಯನ್ನು ಕುಚ್ಚಿದ ಅಕ್ಕಿಯಿಂದಲೇ ತಯಾರಿಸುತ್ತಾರೆ. ಆದರೆ ಕಾದ ಮರಳಿನಲ್ಲಿ ಅರಳಿದಾಗ ಕಾಳು ಟೊಳ್ಳಾಗಿ, ಜೀರ್ಣರಸವು ಪಿಷ್ಟಕ್ಕೆ ಸುಲಭವಾಗಿ ತಲಪುತ್ತದೆ. ಹೀಗಾಗಿ ಹಗುರವಾದ ಮಂಡಕ್ಕಿಯೂ ಸಕ್ಕರೆಯನ್ನು ಬೇಗ ಏರಿಸುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ತಿನಿಸುಗಳೂ ಇಡೀ ಕಾಳಿನ ಅನ್ನಕ್ಕಿಂತ ಬೇಗ ಜೀರ್ಣವಾಗುತ್ತವೆ. ಅವಲಕ್ಕಿಯಲ್ಲಿ ಕೆಂಪು ಬಣ್ಣದ್ದು ತೌಡಿನ ಅಂಶವನ್ನು ಹೆಚ್ಚಾಗಿ ಉಳಿಸಿಕೊಂಡಿರುತ್ತದೆ. ಕೆಂಪಕ್ಕಿಯ ಬಣ್ಣವಿರುವುದು ತೌಡಿನಲ್ಲಿಯೇ ಆದುದರಿಂದ, ಬಣ್ಣ ಮಾಸಿದಷ್ಟೂ ತೌಡು ಹೋಗಿದೆಯೆಂದು ತಿಳಿಯಬಹುದು.

ಸೇವನೆಯ ಪ್ರಮಾಣ

ಭಾರತವೂ ಸೇರಿದಂತೆ 21 ದೇಶಗಳ 1.3 ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 450 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಿಳಿ ಅನ್ನ ಉಣ್ಣುವವರಲ್ಲಿ, 150 ಗ್ರಾಂಗಿಂತ ಕಡಿಮೆ ಉಣ್ಣುವವರಿಗೆ ಹೋಲಿಸಿದಾಗ, ಮಧುಮೇಹದ ಸಾಧ್ಯತೆ ಹೆಚ್ಚಿರುವುದು ಕಂಡುಬಂದಿತು. ಈ ಸಂಬಂಧ ದಕ್ಷಿಣ ಏಷ್ಯಾದಲ್ಲಿ ಅತಿ ಪ್ರಬಲವಾಗಿತ್ತು. ಅಕ್ಕಿ ಯಾವುದು ಎಂಬುದರಷ್ಟೇ, ತಟ್ಟೆಯಲ್ಲಿ ಅದರ ಪಾಲು ಎಷ್ಟು ಎಂಬುದೂ ಮಹತ್ವದ್ದಾಗಿದೆ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಪಾಲಿಷ್ ಮಾಡದ ಅಕ್ಕಿಯನ್ನು ಸ್ವಲ್ಪ ಸ್ವಲ್ಪವಾಗಿ ಖರೀದಿಸಿ, ಮುಚ್ಚಿದ ಡಬ್ಬಿಯಲ್ಲಿರಿಸಿ ಬೇಗ ಬಳಸುವುದು. ಬೇಯಿಸುವ ಮುನ್ನ ನೆನೆಸಿದರೆ ಉರುವಲು ಉಳಿಯುತ್ತದೆ.
• ಅಕ್ಕಿಯನ್ನು ಪದೇಪದೇ ಉಜ್ಜಿ ತೊಳೆಯಬಾರದು. ಬಸಿದ ಗಂಜಿಯನ್ನು ಚೆಲ್ಲಿದರೆ ಜೀವಸತ್ವಗಳೂ ಅದರೊಡನೆ ಹೋಗುತ್ತವೆ. ಆದುದರಿಂದ ಬಸಿಯದೆ, ಹದವಾದ ನೀರಿನಲ್ಲಿ ಬೇಯಿಸಿದರೆ ಅವು ಉಳಿಯುತ್ತವೆ.
• ಅನ್ನದ ಪಾಲನ್ನು ತಗ್ಗಿಸಿ ಬೇಳೆ, ಕಾಳು, ಸೊಪ್ಪು, ತರಕಾರಿಗಳನ್ನು ಹೆಚ್ಚಿಸುವುದು.
• ತೌಡಿನಲ್ಲಿರುವ ಫೈಟೇಟ್ ಅಂಶವು ಕಬ್ಬಿಣವನ್ನು ಹೀರಿಕೊಳ್ಳಲು ಅಡ್ಡಿಯಾಗುತ್ತದೆ. ಊಟದಲ್ಲಿ ನಿಂಬೆರಸ, ನೆಲ್ಲಿಕಾಯಿ ಸೇರಿಸಿದರೆ ಅನುಕೂಲ.
• ತಣಿದ ಅನ್ನದಲ್ಲಿ ಜೀರ್ಣವಾಗದ ಪಿಷ್ಟ ಕೊಂಚ ಹೆಚ್ಚಿದರೂ ಪ್ರಯೋಜನ ಅಲ್ಪ. ಉಳಿದ ಅನ್ನವನ್ನು ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿ ಇರಿಸದಿದ್ದಲ್ಲಿ ವಾಂತಿಭೇದಿ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು.
• ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಲೇ ಬಿಡಬಾರದು. ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯುವ ಸಂಭವವಿರುತ್ತದೆ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಲಹೆಯಂತೆ ಆಹಾರವನ್ನು ಕ್ರಮೇಣ ಬದಲಿಸತಕ್ಕದ್ದು.

ಮಧುಮೇಹವುಳ್ಳವರು ಅನ್ನವನ್ನು ಸಂಪೂರ್ಣವಾಗಿ ತ್ಯಜಿಸಬೇಕಾಗಿಲ್ಲ. ಗಿರಣಿಯಲ್ಲಿ ತೌಡನ್ನು ಉಳಿಸಿಕೊಳ್ಳುವುದು ಮತ್ತು ಊಟದಲ್ಲಿ ಅಳತೆಯನ್ನು ಪಾಲಿಸುವುದು, ಇವೆರಡೂ ಜೊತೆಯಾಗಿ ನಡೆದಾಗ ಮಾತ್ರ ಪೋಷಣೆ ಹಾಗೂ ಸಕ್ಕರೆಯ ನಿಯಂತ್ರಣ ಎರಡೂ ಸಾಧ್ಯವಾಗುತ್ತವೆ.