ನಿಮಗಿದು ಗೊತ್ತೆ? ಹುರಿದ ಮೀನು ಎಣ್ಣೆ ಹೀರುವುದು ಯಾವಾಗ?

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸಂದ ಆದವಾನಿ ಸೀಮೆಯಲ್ಲಿ, ಉತ್ತರದ ಅಂಚಿನಲ್ಲಿ ಹರಿವ ತುಂಗಭದ್ರೆಯ ಮೀನೂ ಅಲ್ಲಿಯೇ ಬೆಳೆವ ಶೇಂಗಾದ ಎಣ್ಣೆಯೂ ಗೃಹಿಣಿಯ ಕೈಗೆ ದೊರೆಯುವಂಥವು. ಖಾರ ಹುಳಿಗಳಲ್ಲಿ ನೆನೆಸಿ ರವೆಯಲ್ಲಿ ಹೊರಳಿಸಿದ ತುಂಡನ್ನು ಸುಮಾರು 180 ಡಿಗ್ರಿ ಸೆಲ್ಸಿಯಸ್ ಉಷ್ಣದ ಎಣ್ಣೆಗೆ ಬಿಟ್ಟೊಡನೆ, ಜಲಾಂಶವು ಆವಿಯಾಗಿ ರಭಸದಿಂದ ಹೊರಚಿಮ್ಮುತ್ತ ಎಣ್ಣೆಯ ಪ್ರವೇಶವನ್ನು ತಡೆಯುವುದು; ಕವಚವು ಒಣಗಿ ಹೊಂಬಣ್ಣ ತಳೆಯುವಾಗಲೂ ಒಳಗಿನ ಮಾಂಸವು 100 ಡಿಗ್ರಿಯನ್ನು ಮೀರದೆ ತನ್ನ ರಸದಲ್ಲಿಯೇ ಮೃದುವಾಗಿ ಬೇಯುವುದು. ಆಶ್ಚರ್ಯದ ಸಂಗತಿಯೆಂದರೆ, ತುಂಡು ಎಣ್ಣೆಯನ್ನು ಬಹುಪಾಲು ಹೀರುವುದು ಬಾಣಲೆಯಲ್ಲಲ್ಲ; ಹೊರತೆಗೆದ ಮೇಲೆ, ಆವಿ ತಣಿದು ಒಳಗೆ ಒತ್ತಡವಿಳಿದು ಮೇಲ್ಮೈಯ ಎಣ್ಣೆ ಸೆಳೆಯಲ್ಪಡುವಾಗ. ಆದುದರಿಂದ ತೆಗೆದ ಕೂಡಲೆ, ಬಿಸಿಯಾಗಿರುವಾಗಲೇ, ಜಾಲರಿಯ ಮೇಲಿರಿಸಿ ಎಣ್ಣೆ ಬಸಿಯಿರಿ.